ಕನ್ನಡ ಬರದ ಡ್ರೈವರ್

ಬಾಗಿಲು ತೆರೆದ ಹೆಂಗಸು ಆಡಿದ ಮೊದಲ ಮಾತಿಗೇ ಅಮರೇಶಪ್ಪನ ಎದೆ ಧಸಕ್ಕೆಂದಿತು.

“ಅಮರೇಶಪ್ಪ ಅಂತ ಮೊಬೈಲ್‌ನಾಗ ಹೆಸರು ಬಂದಿತ್ತು. ನಮ್ಮ ಕಡ್ಯಾವ್ರೇ ಏನ್ರಿ?”

ಕಾಚಿಗೂಡದ ಗಲ್ಲಿಯಲ್ಲಿ ಟ್ರಕ್ಕು ನಿಲ್ಲಿಸಿ, ಗ್ರೈಂಡರಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಎರಡನೇ ಮಹಡಿ ಹತ್ತಿ ಬಂದಿದ್ದ. ಅವನು ಸಿಂಧನೂರಿನವನು. ಬೇರೆ ದಿನವಾಗಿದ್ದರೆ, ಈ ತೆಲುಗು ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಿಂತೇಬಿಡುವ ಆಸಾಮಿ. ಆದರೆ ಇದು ಸೀಜನ್ನಿನ ಕೊನೆಯ ವಾರ. ಜೀಡಿಮೆಟ್ಲಾದ ಪಾರ್ಸೆಲ್ ಗೋದಾಮಿನವರು ದಸರೆಗೆ ಮೊದಲು ಇಪ್ಪತ್ತೆರಡು ಡ್ರೈವರುಗಳನ್ನು ತೆಗೆದುಕೊಂಡು, ದೀಪಾವಳಿಯ ಮಾರನೇ ದಿನ ಗಾಡಿಯ ಕೀಲಿ ಇಸಿದುಕೊಂಡು ಕಳಿಸಿಬಿಡುತ್ತಾರೆ. ಅಮರೇಶಪ್ಪ ಹೀಗೆ ಎರಡು ಸಲ ಕೀಲಿ ಕೊಟ್ಟು ಬಂದವನು. ಈ ಸಲ ಇಬ್ಬರನ್ನು ಕಾಯಂ ಮಾಡುತ್ತಾರೆಂಬ ಸುದ್ದಿಯಿತ್ತು. ಆ ಇಬ್ಬರಲ್ಲಿ ಒಬ್ಬನಾಗಬೇಕೆಂದು ಅವನ ಜೀವ ಬಡಿದುಕೊಳ್ಳುತ್ತಿತ್ತು.

ಇನ್ನೊಂದು ಸುದ್ದಿ ಹಬ್ಬಿಸಿದವನು ಅವನ ಜೊತೆಯ ಡ್ರೈವರ್ ವೈಜನಾಥ. ಕೊನೆಯ ವಾರ ಕಂಪನಿ ಗಿರಾಕಿಯ ವೇಷದಲ್ಲಿ ಚೆಕ್ಕರ್‌ಗಳನ್ನು ಕೂರಿಸುತ್ತದಂತೆ. ಅವರು ನಮ್ಮದೇ ಭಾಷೆಯಲ್ಲಿ ಮಾತಿಗೆಳೆಯುತ್ತಾರಂತೆ, ಊರು ಕೇಳುತ್ತಾರಂತೆ, ಚಹಾ ಕೊಟ್ಟು ಎಷ್ಟು ನಿಮಿಷ ಹಾಳು ಮಾಡಿದೆವೆಂದು ಬರೆದುಕೊಳ್ಳುತ್ತಾರಂತೆ. ಹೋದ ವರ್ಷ ಭರತನೆಂಬ ಡ್ರೈವರನ ಕೆಲಸ ಹೋದದ್ದೇ ಒಂದು ಕಪ್ ಚಹಾದಿಂದ ಎಂದು ವೈಜನಾಥ ಆಣೆ ಮಾಡಿ ಹೇಳಿದ್ದ. ಅನುಮಾನಂ ಪೆದ್ದರೋಗಂ, ಅನುಮಾನವೇ ದೊಡ್ಡ ರೋಗ ಎನ್ನುತ್ತಾರೆ ತೆಲುಗಿನವರು. ಆ ರೋಗ ಎಲ್ಲರಿಗೂ ಒಂದಿಷ್ಟು ತಗುಲಿತ್ತು, ಅಮರೇಶಪ್ಪನಿಗೆ ಮಾತ್ರ ನೆತ್ತಿಗೇರಿತ್ತು. ಹಿಂದಿನ ದಿನವಷ್ಟೇ, ನೀರು ಕೊಡಲು ಬಂದ ಮುದುಕನೊಬ್ಬನಿಗೆ ಕೈಮುಗಿದು ಓಡಿ ಬಂದಿದ್ದ.

“ಕನ್ನಡ ನಹೀ ಆತಾ, ಅಮ್ಮಾ,” ಎಂದ. ಸುಳ್ಳಿಗೆ ಒಂದು ಊರೂ ಬೇಕಲ್ಲ, ತನ್ನದು ಮಹಬೂಬ್‌ನಗರದ ಕಡೆ ಎಂದೂ ಸೇರಿಸಿದ.

ಹೆಂಗಸಿನ ಮುಖ ಬಾಡಿತು. ಪೆಟ್ಟಿಗೆಯ ಚೀಟಿಯಲ್ಲಿ ಗಿರಿಜಾಬಾಯಿ ಎಂದಿತ್ತು. ಅರವತ್ತರ ಆಸುಪಾಸು, ಕೈತುಂಬ ಜೋಳದ ಹಿಟ್ಟು. ಒಲೆಯ ಮೇಲೆ ರೊಟ್ಟಿ ಬೇಯುವ ವಾಸನೆ ಬರುತ್ತಿತ್ತು. ಚೆಕ್ಕರ್ ಆದವಳು ರೊಟ್ಟಿ ಬಡಿಯಬಾರದೆಂದೇನಿದೆ ಎಂದುಕೊಂಡ ಅಮರೇಶಪ್ಪ. ಪೆಟ್ಟಿಗೆ ಒಪ್ಪಿಸಿದ್ದಕ್ಕೆ ಗುರುತಾಗಿ ಆಕೆಯ ಮೊಬೈಲಿಗೆ ಬಂದ ಓಟಿಪಿ ನಂಬರು ಬೇಕಿತ್ತು. ಆಕೆ ಕೈ ತೊಳೆದು, ಕನ್ನಡಕ ಹುಡುಕಿ, ನಡುವೆ ಹರಕುಮುರುಕು ಹಿಂದಿಯಲ್ಲಿ ಮಜ್ಜಿಗೆ ಕುಡಿಯುತ್ತೀರಾ ಎಂದಳು. ಅವನು ಬೇಡವೆಂದು ತಲೆಯಲ್ಲಾಡಿಸಿದ. ಅಷ್ಟರಲ್ಲಿ ಮಗಳ ಫೋನು ಬಂತು.

“ಹ್ಞೂಂ ಕಾವ್ಯಾ, ಗ್ರೈಂಡರ್ ಬಂತವ್ವ. ಹೆಸರ ನೋಡಿ ನಮ್ಮ ಕಡ್ಯಾವ ಅಂದ್ಕೊಂಡಿದ್ದೆ, ಅಲ್ಲಂತ, ತೆಲುಗಿನಾವ. ನಿಮ್ಮಣ್ಣ ಫ್ಯಾಕ್ಟ್ರಿ ಗಾಡಿಗೆ ನಮ್ಮ ಕಡಿ ಡ್ರೈವರ್ ಒಬ್ಬಾಂವ ಬೇಕಂತ ಮೂರು ತಿಂಗಳಿಂದ ಹುಡುಕ್ಲಿಕತ್ತಾನ. ಕಾಯಂ ನೌಕರಿ, ಇರ್ಲಿಕ್ಕೆ ಖೋಲಿನೂ ಕೊಡ್ತಾನ. ಇವನ್ನ ಕೇಳ್ಬೇಕಂತ ಮಾಡಿದ್ದೆ. ಹೋಗ್ಲಿ ಬಿಡು.”

ಅಮರೇಶಪ್ಪ ಕಿವಿ ನಿಮಿರಿಸಿದ. ಕಾಯಂ ನೌಕರಿ, ಮೇಲೆ ಖೋಲಿ! ಅವ್ವಾ, ನಾನೂ ನಿಮ್ಮ ಕಡೆಯವನೇ ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೂಬಿಟ್ಟ. ಆದರೆ ಅದೇ ಗಳಿಗೆಯಲ್ಲಿ ಅವನಿಗೆ ಎಲ್ಲವೂ ಹೊಳೆದಂತಾಯಿತು: ಬೇರೆ ನೌಕರಿಯ ಆಸೆ ತೋರಿಸಿದರೆ ಇವನು ಕಂಪನಿ ಬಿಟ್ಟು ಓಡುತ್ತಾನೋ ಹೇಗೆ ಎಂದು ನೋಡುತ್ತಿದ್ದಾಳೆ, ಭಾರೀ ಬುದ್ಧಿವಂತೆ! ಹಿಂದಿಯಲ್ಲಿ ನಂಬರು ಕೇಳಿದ. ಆಕೆ ಹೇಳಿದ ನಾಲ್ಕಂಕಿಯನ್ನು ತನ್ನ ಫೋನಿನಲ್ಲಿ ಒತ್ತಿ, ಕೈಮುಗಿದು, ಗೆದ್ದವನ ಹಾಗೆ ಮೆಟ್ಟಿಲಿಳಿದ.

ಸಂಜೆ ಸನತ್‌ನಗರದ ಬಾಡಿಗೆ ಕೋಣೆಯಲ್ಲಿ ಹೆಂಡತಿ ವಾಸಂತಿಗೆ ಇದನ್ನೆಲ್ಲ ರಸವತ್ತಾಗಿ ವರ್ಣಿಸಿದ. ಅವಳು ನಗಲಿಲ್ಲ.

“ರೊಟ್ಟಿ ಬಡಿಯಾಕ ಯಾವ ಕಂಪನಿ ಪಗಾರ ಕೊಡ್ತೈತ್ರಿ?” ಎಂದಳು.

ನಿನಗೇನು ಗೊತ್ತು ಸುಮ್ಮನಿರು ಎಂದು ಗದರಿದನಾದರೂ ಅವತ್ತು ಅವನಿಗೆ ಊಟ ಸೇರಲಿಲ್ಲ.

ದೀಪಾವಳಿಯ ಮಾರನೇ ದಿನ ಸೂಪರ್‌ವೈಸರ್ ವಿಶ್ವಜಿತ್ ಇಪ್ಪತ್ತೆರಡೂ ಕೀಲಿಗಳನ್ನು, ಕಂಪನಿಯ ನೀಲಿ ಅಂಗಿಗಳನ್ನು ಇಸಿದುಕೊಂಡ. ಕಾಯಂ ಮಾಡುವ ಮಾತು ಈ ವರ್ಷಕ್ಕಿಲ್ಲ, ಮುಂದಿನ ದಸರೆಗೆ ನೋಡೋಣ ಎಂದ. ಚೆಕ್ಕರ್ ತನ್ನ ಬಗ್ಗೆ ಏನು ಬರೆದಿದ್ದಾರೆಂದು ಅಮರೇಶಪ್ಪ ಮೆಲ್ಲಗೆ ಕೇಳಿದ. ಪೆಟ್ಟಿಗೆ ಇಳಿಸಲಿಕ್ಕೇ ಜನರಿಲ್ಲ, ಇನ್ನು ಚೆಕ್ಕರ್‌ಗಳನ್ನು ಎಲ್ಲಿಂದ ತರಲಿ ಎಂದು ವಿಶ್ವಜಿತ್ ನಕ್ಕುಬಿಟ್ಟ. ವೈಜನಾಥನೂ ಬರಿಗೈಯಲ್ಲಿ ನೆಲ ನೋಡುತ್ತ ನಿಂತಿದ್ದ. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಅಮರೇಶಪ್ಪ ಮನೆಗೆ ಹೋಗದೆ ನೇರವಾಗಿ ಕಾಚಿಗೂಡದ ಬಸ್ಸು ಹತ್ತಿದ. ಬಾಗಿಲು ಒಂದು ಗೇಣು ತೆರೆಯಿತು. ಸರಪಳಿಯ ಹಿಂದಿನಿಂದ ಗಿರಿಜಾಬಾಯಿ ಯಾವ ಪಾರ್ಸೆಲ್ ಎಂದು ಹಿಂದಿಯಲ್ಲಿ ಕೇಳಿದಳು.

“ಅವ್ವಾರ, ನಾ ಸಿಂಧನೂರಿನಾಂವ್ರಿ. ನಿಮ್ಮ ಮಗಗ ಡ್ರೈವರ್ ಬೇಕಾಗ್ಯಾನಂತ...”

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೈಯಲ್ಲಿ ಪೆಟ್ಟಿಗೆಯಿಲ್ಲ, ಮೈಮೇಲೆ ಕಂಪನಿಯ ಅಂಗಿಯಿಲ್ಲ.

“ಅವತ್ತ ಕನ್ನಡ ಬರಂಗಿಲ್ಲ ಅಂದ್ಯಲ್ಲಪ್ಪಾ. ನಮ್ಮ ಮನಿ ಮಾತೆಲ್ಲಾ ಕೇಳ್ಕೋತ ನಿಂತಿದ್ದಿಯೇನು?”

“ನಿಮ್ಮನ್ನ ಕಂಪನಿಯವ್ರು ಅಂತ ತಿಳ್ಕೊಂಡಿದ್ನಿರಿ,” ಎಂದ ಅಮರೇಶಪ್ಪ. ಅದು ನಿಜವೇ ಆಗಿದ್ದರೂ ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಮಗ ಮನೆಯಲ್ಲಿಲ್ಲ ಎಂದಳು ಗಿರಿಜಾಬಾಯಿ. ಹಾಗನ್ನಬಾರದಿತ್ತೆಂದು ಹೊಳೆಯಿತೋ ಏನೋ, ಇಲ್ಲೇ ಕೆಳಗೆ ಹೋಗಿದ್ದಾನೆ, ಈಗ ಬಂದುಬಿಡುತ್ತಾನೆ ಎಂದು ತಿದ್ದಿಕೊಂಡಳು. ಬಾಗಿಲು ಮುಚ್ಚಿತು. ಒಳಗೆ ಒಂದು ಚಿಲಕ ಬಿದ್ದ ಸದ್ದಾಯಿತು, ಸ್ವಲ್ಪ ತಡೆದು ಇನ್ನೊಂದು.