ಬಿರುಗಾಳಿ ರಾತ್ರಿಯ ಆಲೂಗಡ್ಡೆ

ಎಪ್ಪತ್ತೆಂಟು ವರ್ಷದ ಫೆಸ್ಟಸ್ ಗೆವಿಗನ್‌ಗೆ ಸಾವಿನ ಭಯವಿರಲಿಲ್ಲ. ಇದ್ದದ್ದೆಲ್ಲ ಚರ್ಚಿನ ಮೊದಲ ಬೆಂಚಿನ ಭಯ. ಅವನ ಊರಾದ ಕ್ಲೂನ್‌ಫಡ್ಡದಲ್ಲಿ ಯಾರೇ ಸತ್ತರೂ ಆ ಬೆಂಚು ರಕ್ತಸಂಬಂಧಿಗಳಿಗೇ ಮೀಸಲು. ಊರಿಗೆ ಊರೇ ಹಿಂದೆ ನಿಂತಿದ್ದರೂ ಬೇರೆಯವರು ಅಲ್ಲಿ ಕೂರುವ ಹಾಗಿಲ್ಲ. ಮದುವೆಯಾಗದ, ಒಡಹುಟ್ಟಿದವರಿಲ್ಲದ ತನ್ನ ಶವಪೆಟ್ಟಿಗೆಯ ಎದುರು ಆ ಬೆಂಚು ಖಾಲಿ ಬಿದ್ದಿರುತ್ತದೆ ಎಂದು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಂಥವನಿಗೆ, ಅಮೆರಿಕದಿಂದ ಲೊರೇನ್ ಎಂಬ ಹೆಂಗಸು ಗೆವಿಗನ್ ವಂಶ ಹುಡುಕಿಕೊಂಡು ಬಂದಿದ್ದಾಳೆಂದು ತಿಳಿದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಗ ಹಾಕಿದ್ದ ಮುಂದಿನ ಕೋಣೆ ಗುಡಿಸಿದ, ಹಂದಿಮಾಂಸ ಬೇಯಿಸಿದ, ಅಮ್ಮನ ಕಾಲದ ಪಿಂಗಾಣಿ ಕಪ್ಪು ತೊಳೆದಿಟ್ಟ. ಗಡ್ಡ ಹೆರೆದುಕೊಳ್ಳುವಾಗ ಎರಡು ಕಡೆ ಕುಯ್ದುಕೊಂಡು ಚರ್ಚಿನ ಕಚೇರಿಗೆ ಓಡಿದ.

ಕಚೇರಿ ನೋಡಿಕೊಳ್ಳುವ ಡಿಂಪ್ನಾ ಆಗಲೇ ಬಂದು ಕೂತಿದ್ದ ಲೊರೇನಳ ಮುಂದೆ ಊರಿನ ಮಕ್ಕಳ ದೀಕ್ಷಾಸ್ನಾನ ದಾಖಲಿಸಿದ್ದ ಹಳೇ ಪುಸ್ತಕ ಬಿಡಿಸಿಟ್ಟು ಟೀ ಮಾಡಲು ಹೋದಳು. ಲೊರೇನಳ ಮುತ್ತಜ್ಜ ಥೇಡಿ. ಪುಸ್ತಕದ ಪ್ರಕಾರ ಅವನ ಅಣ್ಣ ಮ್ಯಾಲಕಿ, ಹುಟ್ಟಿದ್ದು 1850.

"ನನ್ನಜ್ಜನ ಹೆಸರೂ ಮ್ಯಾಲಕಿ," ಎಂದ ಫೆಸ್ಟಸ್.

ಲೊರೇನ್ 1911ರ ಜನಗಣತಿಯ ಹಾಳೆ ತೆಗೆದಳು. ಫೆಸ್ಟಸ್‌ನದೇ ಮನೆ, ಅದರಲ್ಲಿ ಅಜ್ಜನ ವಯಸ್ಸು ಎಪ್ಪತ್ನಾಲ್ಕು.

"ಅಯ್ಯೋ, ನಮ್ಮ ಮ್ಯಾಲಕಿಗೆ ಆಗ ಅರವತ್ತೊಂದು ಇರ್ಬೇಕಿತ್ತು. ಹದಿಮೂರು ವರ್ಷ ವ್ಯತ್ಯಾಸ ಬರ್ತಿದೆಯಲ್ಲ. ಇವರು ಬೇರೆ ಯಾರೋ ಇರ್ಬೇಕು, ಅಲ್ವಾ?"

ಬೇರೆ ಯಾರೂ ಅಲ್ಲ. ಅದು ಫೆಸ್ಟಸ್‌ಗೆ ಚೆನ್ನಾಗಿ ಗೊತ್ತಿತ್ತು. 1909ರಲ್ಲಿ ಎಪ್ಪತ್ತಾದವರಿಗೆ ಸರ್ಕಾರ ಪಿಂಚಣಿ ಕೊಡಲು ಶುರು ಮಾಡಿದಾಗ ಮುದುಕರ ಬಳಿ ಹುಟ್ಟಿದ ಸರ್ಕಾರಿ ದಾಖಲೆ ಎಲ್ಲಿತ್ತು? ಚರ್ಚಿನ ಪುಸ್ತಕವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. 1839ರ ದೊಡ್ಡ ಬಿರುಗಾಳಿಯ ರಾತ್ರಿ ನೆನಪಿದೆ ಎಂದರೆ ಸಾಕಿತ್ತು, ಎಪ್ಪತ್ತಾಯಿತೆಂದೇ ಲೆಕ್ಕ. ಅರವತ್ತೂ ತುಂಬದ ಅಜ್ಜ ಬೆನ್ನು ಬಾಗಿಸಿಕೊಂಡು ಹೋಗಿ, "ಆವತ್ತು ಎರಡು ವರ್ಷದ ಮಗು ನಾನು, ನಾನೇ ಕೈಯಾರೆ ಆಲೂಗಡ್ಡೆ ತಿಂತಾ ಕೂತಿದ್ದೆ ಸ್ವಾಮಿ" ಎಂದು ಆಣೆಯಿಟ್ಟು ಬಂದಿದ್ದ. ಜನಗಣತಿಯವರಿಗೂ ಅದೇ ಸುಳ್ಳು ಬರೆಸದೆ ಗತಿಯಿರಲಿಲ್ಲ. "ಈ ಮಾತು ಹೊಸಿಲು ದಾಟಿದ್ರೆ ನನ್ನಾಣೆ" ಎಂದು ಅಮ್ಮ ಏಳು ವರ್ಷದ ಫೆಸ್ಟಸ್‌ನ ಕೈಗೆ ಜಪಮಾಲೆ ಕೊಟ್ಟು ಮಾತು ತೆಗೆದುಕೊಂಡಿದ್ದಳು. ಸಾಲದ್ದಕ್ಕೆ, ಅಂದು ಆಣೆ ಬರೆದುಕೊಂಡ ಅಧಿಕಾರಿ ಡಿಂಪ್ನಾಳ ಅಜ್ಜ! ಅವಳೋ ಪಕ್ಕದ ಕೋಣೆಯಲ್ಲಿ, ಬಾಗಿಲು ತೆರೆದುಕೊಂಡೇ ಇದ್ದಾಳೆ.

"ಇರಬೇಕು," ಎಂದುಬಿಟ್ಟ ಫೆಸ್ಟಸ್. ಹಾಳು ಬಾಯಿ!

ಲೊರೇನ್ ಪೆನ್ಸಿಲ್ಲಿನಿಂದ ಆ ಹೆಸರಿನ ಮೇಲೆ ಗೀಟೆಳೆದಳು. "ವಿಮಾನಕ್ಕೆ ಹೊತ್ತಾಯ್ತು. ತೊಂದ್ರೆ ಕೊಟ್ಟೆ, ಕ್ಷಮಿಸಿ," ಎಂದು ಅವನ ಕೈಕುಲುಕಿ, ಬಾಗಿಲ ಬಳಿಯ ಸಂದರ್ಶಕರ ಪುಸ್ತಕದಲ್ಲಿ ಏನೋ ಬರೆದು, ಟೀಗೂ ಕಾಯದೆ ಹೊರಟಳು. ಅವಳ ನಡಿಗೆ ಥೇಟ್ ಫೆಸ್ಟಸ್‌ನ ಅಪ್ಪನದೇ, ಎಡಭುಜ ತುಸು ಮುಂದೆ. ಫೆಸ್ಟಸ್‌ಗೆ ಕೂಗಬೇಕೆನಿಸಿತು. ಕೂಗಲಿಲ್ಲ.

ಮನೆಯಲ್ಲಿ ಎರಡು ಕಪ್ಪುಗಳೂ ಬೋರಲಾಗಿಯೇ ಇದ್ದವು. ಹಂದಿಮಾಂಸ ನಾಯಿಗೆ ಹೋಯಿತು. ಸತ್ತವರ ಮಾನ ಕಾಪಾಡಿ ನನಗೇನು ಸಿಕ್ಕಿತು ಎಂದು ಸಿಟ್ಟು ಬಂತು, ಆಮೇಲೆ ಅಳು ಬಂತು.

ಬೆಳಗಾಗುತ್ತಲೇ ಹೋಗಿ ಡಿಂಪ್ನಾಳ ಮುಂದೆ ಎಲ್ಲವನ್ನೂ ಒದರಿದ. "ನಮ್ಮಜ್ಜ ಸುಳ್ಳಾಣೆ ಹಾಕಿದ, ತಾಯಿ. ಆ ಮ್ಯಾಲಕಿ ನಮ್ಮಜ್ಜನೇ."

ಡಿಂಪ್ನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಮಾರಾಯ, ಇದೂ ಒಂದು ಗುಟ್ಟಾ! ನಿಮ್ಮಜ್ಜಂಗೆ ಲೆಕ್ಕ ಹಾಕಿ ವಯಸ್ಸು ಹೇಳ್ಕೊಟ್ಟಿದ್ದೇ ನಮ್ಮಜ್ಜ. ಸಾಯೋವರ್ಗೂ ಪ್ರತಿ ಕ್ರಿಸ್‌ಮಸ್‌ಗೂ ಅದನ್ನೇ ಹೇಳಿ ನಗ್ತಿದ್ದ. ಆವತ್ತು ರಾತ್ರಿ ಆಲೂಗಡ್ಡೆ ತಿನ್ನದೇ ಇದ್ದ ಮುದುಕ ಈ ಊರಲ್ಲಿ ಯಾವನಿದ್ದ ಹೇಳು?"

ಫೆಸ್ಟಸ್ ನಗಲಿಲ್ಲ. "ಅವಳ ವಿಳಾಸ ಕೊಡು."

"ವಿಳಾಸ ನಾನೆಲ್ಲಿ ಇಸ್ಕೊಂಡೆ? ಆ ಪುಸ್ತಕ ನೋಡು, ಬಂದೋರೆಲ್ಲ ಅದ್ರಲ್ಲೇ ಬರೀತಾರೆ."

ಕೊನೆಯ ಸಾಲಿನಲ್ಲಿ ಲೊರೇನಳ ಹೆಸರಿತ್ತು. ಊರು ಎಂಬಲ್ಲಿ ಪೆನ್ಸಿಲ್ವೇನಿಯಾ, ಅಷ್ಟೇ. ಪಕ್ಕದಲ್ಲಿ: "ನಮ್ಮ ಗೆವಿಗನ್ನರನ್ನು ಹುಡುಕಿ ಬಂದೆ. ನಮ್ಮವರು ಯಾರೂ ಉಳಿದಿಲ್ಲ."

ಅವನು ಪೆನ್ನು ತೆಗೆದುಕೊಂಡ. ಅದರ ಕೆಳಗೇ ಬರೆದ: "ಫೆಸ್ಟಸ್ ಗೆವಿಗನ್, ಕ್ಲೂನ್‌ಫಡ್ಡ. ವಯಸ್ಸು ಎಪ್ಪತ್ತೆಂಟು, ಇದು ನಿಜ. ಇದ್ದೇನೆ."

ಡಿಂಪ್ನಾಳ ನಗು ನಿಂತಿತು. ಅದನ್ನು ಓದುವವರು ಯಾರೆಂದು ಅವಳು ಕೇಳಲಿಲ್ಲ. ಶಾಯಿ ಒಣಗುವವರೆಗೂ ಅವನು ಪುಸ್ತಕ ಮುಚ್ಚಲು ಬಿಡಲಿಲ್ಲ.