ಕುಂಕುಮವಿಲ್ಲದ ಕರೆಯೋಲೆ

ಮದುವೆಯ ಕರೆಯೋಲೆ ಎಂದು ಈಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟೆ. ಮರುದಿನ ನನ್ನ ಹೆಸರಿನಿಂದ ಅದೇ ಕರೆಯೋಲೆ ನಂಟರಿಗೆಲ್ಲ ಹೋಗಿತ್ತು. ಗಾಬರಿಯಿಂದ ಚಿಕ್ಕಜಾಲದ ದೊಡ್ಡಪ್ಪನಿಗೆ ಫೋನ್ ಮಾಡಿದೆ. ನನ್ನ ಮಗಳ ನಿಶ್ಚಿತಾರ್ಥಕ್ಕೆ ಅವರೇ ಹಿರಿಯರಾಗಿ ನಿಲ್ಲಬೇಕಿತ್ತು.

"ದೊಡ್ಡಪ್ಪ, ಆ ಲಿಂಕ್ ಒತ್ತಿದ್ರಾ?"

"ಯಾಕೊತ್ಲಿ? ಕುಂಕುಮ ಇಡ್ದೆ ಮೇಲ್‌ನಾಗೆ ಕರೀತೀಯಾ? ನಿನ್ ಮನೆ ಕಾರ್ಯಕ್ಕೆ ಇನ್ ಬರಲ್ಲ."

"ಅದು ಕಳ್ಳರು ಕಳ್ಸಿದ್ದು. ಮದ್ವೇನೇ ಇಲ್ಲ!"

"ಇಲ್ದಿದ್ರೇನು? ಕರೆಯಾಕೆ ಒಂದ್ ರೀತಿ ಬ್ಯಾಡ್ವಾ?"

ನಮ್ಮವರು ಯಾರೂ ಹಾಗೆ ಕರೆಯುವುದಿಲ್ಲವೆಂದು ನನಗೂ ಮೊದಲೇ ಹೊಳೆಯಬೇಕಿತ್ತು.

ಹೆಂಡತಿಯೊಡನೆ ತಾಂಬೂಲ, ಕುಂಕುಮದ ಬಟ್ಟಲು ಹಿಡಿದು ಅವರ ಮನೆಗೆ ಹೋಗಿ, "ಇಲ್ಲದ ಮದ್ವೆಗೆ ದಯವಿಟ್ಟು ಬರ್ಬೇಡಿ" ಎಂದು ಕೈಮುಗಿದೆ.

ದೊಡ್ಡಪ್ಪ ಹಣೆಗೆ ಕುಂಕುಮ ಇಟ್ಟುಕೊಂಡರು. "ಇಂಗೆ ಮನೆಗ್ ಬಂದು ಹೇಳ್ಬೇಕು. ಆಯ್ತು, ಆ ಮದ್ವೆಗೆ ಬರಲ್ಲ. ನಿಶ್ಚಿತಾರ್ಥ ಯಾವತ್ತು?"