ಕೊಸರು

ಉಸ್ಮಾನ್ ಸಾಬ್ ಮತ್ತು ಬಿಸ್ಮಿಲ್ಲಾ ಬೀ ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಒಬ್ಬರೊಡನೊಬ್ಬರು ಒಂದು ದಿನವೂ ಕನ್ನಡ ಮಾತಾಡಿದವರಲ್ಲ. ಜಗಳ, ರಾಜಿ, ಮಗಳ ಮದುವೆಯ ಮಾತುಕತೆ, ಸಾರಿಗೆ ಉಪ್ಪು ಜಾಸ್ತಿಯಾದ ದೂರು, ಎಲ್ಲವೂ ಉರ್ದುವಿನಲ್ಲೇ ನಡೆದಿತ್ತು. ಕನ್ನಡವೇನೋ ಇಬ್ಬರಿಗೂ ಸರಾಗವಾಗಿ ಬರುತ್ತಿತ್ತು. ಆದರೆ ಅದು ಹೊಸ್ತಿಲಿನ ಆಚೆಯ ಭಾಷೆ. ಚಿಂತಾಮಣಿಯ ಚೇಳೂರು ರಸ್ತೆಯ ತಮ್ಮ ಬಟ್ಟೆ ಅಂಗಡಿಯಲ್ಲಿ, ಕೈವಾರದ ಕಡೆಯಿಂದಲೋ ಅಂಬಾಜಿದುರ್ಗದ ಕಡೆಯಿಂದಲೋ ಬಂದ ಗಿರಾಕಿಗಳಿಗೆ ಟವೆಲು, ಪಂಚೆ ಮಾರುವಾಗ ಉಸ್ಮಾನ್ ಸಾಬ್ ಅದನ್ನು ಬಳಸುತ್ತಿದ್ದರು. ಗೇಟಿನ ಹತ್ತಿರ ನಿಂತು ಸೊಪ್ಪಿನ ಗಂಗುಲಮ್ಮನ ಜೊತೆ ಚೌಕಾಸಿ ಮಾಡುವಾಗ ಬಿಸ್ಮಿಲ್ಲಾ ಬೀ ಬಳಸುತ್ತಿದ್ದರು. ಅಲ್ಲಿಗೆ ಮುಗಿಯಿತು.

ಇಂಥ ಮನೆಗೆ ಕನ್ನಡ ಕಲಿಯಲು ಪೋಲೆಂಡಿನಿಂದ ಮಾರ್ತಾ ಬಂದಳು.

ತಪ್ಪು ರಂಜನಿಯವರದು. ಬೆಂಗಳೂರಿನ ಒಂದು ಭಾಷಾ ಸಂಸ್ಥೆಯಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಆರು ತಿಂಗಳ ಮಟ್ಟಿಗೆ ಸಣ್ಣ ಊರುಗಳ ಮನೆಗಳಲ್ಲಿ ಇರಿಸುವ ಕೆಲಸ ಅವರದು. ಮನೆ ಹುಡುಕಲು ಚಿಂತಾಮಣಿಗೆ ಬಂದವರು ಒಂದು ಟವೆಲು ಕೊಳ್ಳಲು ಉಸ್ಮಾನ್ ಸಾಬರ ಅಂಗಡಿ ಹತ್ತಿದರು. ಇಳಿಯುವಾಗ ಕೈಯಲ್ಲಿ ಟವೆಲು, ಎರಡು ಬೆಡ್‌ಶೀಟು, ನಾಲ್ಕು ದಿಂಬಿನ ಕವರು ಇದ್ದವು. ಇಷ್ಟು ಚೆನ್ನಾದ ಕನ್ನಡ ತಮ್ಮ ಸಂಸ್ಥೆಯಲ್ಲೂ ಯಾರೂ ಮಾತಾಡುವುದಿಲ್ಲವೆಂದು ಅವರಿಗೆ ಅನ್ನಿಸಿತು. ಮನೆಯಲ್ಲೂ ಹೀಗೇ ಮಾತಾಡುತ್ತೀರಾ ಎಂದು ಕೇಳಿದರು. ಉಸ್ಮಾನ್ ಸಾಬ್ ಹೂಂ ಎಂದುಬಿಟ್ಟರು. ಕೇಳಿದ ಸರಕು ತಮ್ಮಲ್ಲಿ ಇಲ್ಲ ಎಂದು ಯಾವ ಗಿರಾಕಿಗೂ ಹೇಳಿದವರಲ್ಲ ಅವರು.

ಕರಾರು ಎರಡೇ. ಹುಡುಗಿಯ ಕಿವಿಗೆ ಬೀಳುವಂತೆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಕೂಡದು. ಮೂರು ತಿಂಗಳಿಗೆ ಒಂದು ಪರೀಕ್ಷೆ. ಕನ್ನಡ ಬಂದಿದ್ದರೆ ಉಳಿದ ಮೂರು ತಿಂಗಳೂ ಇದೇ ಮನೆ, ಬರದಿದ್ದರೆ ಬೇರೆ ಮನೆ.

"ಹೋದ್ರೆ ಹೋಗ್ಲಿ," ಎಂದಿದ್ದರು ಬಿಸ್ಮಿಲ್ಲಾ ಬೀ ಮೊದಲ ದಿನ.

ಎರಡನೆಯ ದಿನವೇ ಕಷ್ಟ ಶುರುವಾಯಿತು. ಉಸ್ಮಾನ್ ಸಾಬ್ ಗ್ಯಾಸ್ ಬುಕ್ ಮಾಡಲು ಮರೆತಿದ್ದರು. ಬೇರೆ ದಿನವಾಗಿದ್ದರೆ ಬಿಸ್ಮಿಲ್ಲಾ ಬೀ ಗಂಡನ ತಾತನಿಂದ ಶುರುಮಾಡಿ, ಚಿಕ್ಕಪ್ಪಂದಿರನ್ನೆಲ್ಲ ಮುಗಿಸಿ, ನಿಧಾನವಾಗಿ ಗ್ಯಾಸಿಗೆ ಬರುತ್ತಿದ್ದರು. ಅಷ್ಟೂ ಉರ್ದು ಗಂಟಲವರೆಗೆ ಬಂದಿತ್ತು. ಎದುರಿಗೆ ಮಾರ್ತಾ ನೋಟ್‌ಬುಕ್ ಬಿಚ್ಚಿಕೊಂಡು ಕೂತಿದ್ದಳು. ಗಂಡನನ್ನು ಬೈಯಲು ಕನ್ನಡ ಹುಡುಕಿದರೆ ಸಿಕ್ಕಿದ್ದು ಗಂಗುಲಮ್ಮನಿಗೆ ಹೇಳುವ ಮಾತು ಮಾತ್ರ.

"ಏನಿದು? ನಿನ್ನೆ ಒಂದು ಹೇಳಿದ್ರಿ, ಇವತ್ತು ಇನ್ನೊಂದು ಹೇಳ್ತೀರಾ? ಹಿಂಗಾದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

ಉಸ್ಮಾನ್ ಸಾಬ್ ಗಲ್ಲಾದ ಹಿಂದೆ ಕೂತವರಂತೆ ನಕ್ಕರು. "ಹಂಗನ್ಬೇಡಿ ಅಮ್ಮಾ. ಮೂವತ್ತು ವರ್ಷದಿಂದ ನಮ್ಮಲ್ಲೇ ತಗೊಳ್ತಿದ್ದೀರಿ. ಊರೆಲ್ಲ ಸುತ್ತಿ ಬನ್ನಿ, ಇದಕ್ಕಿಂತ ಒಳ್ಳೇದು ತೋರಿಸಿದ್ರೆ ಅಂಗಡೀನೇ ಮುಚ್ಚಿಬಿಡ್ತೀನಿ."

ಮಾರ್ತಾ ಅದನ್ನು ಬರೆದುಕೊಂಡಳು.

ಊಟದ ಹೊತ್ತಿನಲ್ಲೂ ಅದೇ. "ಎಷ್ಟು ಹಾಕ್ಲಿ ಬೇಟಿ, ನಾಲ್ಕು ಚಪಾತಿ?" ಎಂದು ಬಿಸ್ಮಿಲ್ಲಾ ಬೀ ಶುರುಮಾಡುತ್ತಿದ್ದರು. ಮಾರ್ತಾ ಒಂದು ಎನ್ನುತ್ತಿದ್ದಳು. "ಒಂದಕ್ಕೆ ನನಗೆ ಗಿಟ್ಟಲ್ಲ. ಬೋಣಿ ಟೈಮಲ್ಲಿ ಹಂಗೆ ಕೇಳ್ಬಾರ್ದು. ಮೂರು." "ಅಮ್ಮಿ, ಒಂದೂವರೆ." "ನಿಂಗಾಗಿ ಎರಡೂವರೆ, ಬೇರೆಯವ್ರಿಗೆ ಹೇಳ್ಬೇಡ." ಎರಡಕ್ಕೆ ತೀರ್ಮಾನವಾಗುತ್ತಿತ್ತು. ಮೊದಲ ವಾರವೇ ಎರಡೆಂದು ಇಬ್ಬರಿಗೂ ಗೊತ್ತಾಗಿತ್ತು. ಆದರೂ ದಿನವೂ ನಾಲ್ಕರಿಂದಲೇ ಇಳಿಯಬೇಕಾಗಿತ್ತು. ಕನ್ನಡದಲ್ಲಿ ಊಟ ಬಡಿಸುವುದು ಹೀಗೆಯೇ ಎಂದು ಮಾರ್ತಾ ತಿಳಿದಳು.

ಒಳಗೇ ಕಟ್ಟಿಕೊಂಡ ಉರ್ದುವನ್ನು ಎಲ್ಲಾದರೂ ಖಾಲಿ ಮಾಡಬೇಕಲ್ಲ. ಒಣಗಿದ ಬಟ್ಟೆ ತರುವ ನೆಪದಲ್ಲಿ ಗಂಡಹೆಂಡಿರು ಸಂಜೆ ತಾರಸಿ ಹತ್ತತೊಡಗಿದರು. ಅಲ್ಲಿ ಅರ್ಧ ಗಂಟೆ ಮನಸಾರೆ ಜಗಳವಾಡಿ, ಹಗುರಾಗಿ ಇಳಿದು ಬರುತ್ತಿದ್ದರು. ಇಷ್ಟು ವರ್ಷದ ಮೇಲೂ ಜೊತೆಯಾಗಿ ಸೂರ್ಯಾಸ್ತ ನೋಡುವ ದಂಪತಿಗಳೆಂದು ಮಾರ್ತಾ ತನ್ನ ತಾಯಿಗೆ ಬರೆದಳು.

ಮಗಳು ಆರ್ಜೂ ಮದುವೆಯಾಗಿ ಗೌರಿಬಿದನೂರಿಗೆ ಹೋದ ಮೇಲೆ ಆ ಮನೆಯಲ್ಲಿ ಅಡುಗೆಮನೆಯವರೆಗೆ ಬಂದು ಮಾತಾಡಿಸುವವರಿರಲಿಲ್ಲ. ಈಗ ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಒಬ್ಬಳು ಕೂರುತ್ತಿದ್ದಳು, ಬೇರನ್ನು ಇಟ್ಟುಕೊಂಡು ಎಲೆಯನ್ನು ಎಸೆಯುತ್ತಿದ್ದಳು. ಎರಡನೆಯ ತಿಂಗಳಿನಲ್ಲಿ ಬಿಸ್ಮಿಲ್ಲಾ ಬೀ ಬಾಯಲ್ಲಿ ಹೋದರೆ ಹೋಗಲಿ ಎಂಬ ಮಾತು ನಿಂತಿತು. ಮೂರನೆಯ ತಿಂಗಳಿನಲ್ಲಿ ಕ್ಯಾಲೆಂಡರ್ ನೋಡುವುದನ್ನೇ ಬಿಟ್ಟರು.

ಪಕ್ಕದ ಮನೆಯ ವೆಂಕಟೇಶಮೂರ್ತಿ ಮೇಷ್ಟ್ರು ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಕಲಿಯಲೆಂದೇ ಅಷ್ಟು ದೂರದಿಂದ ಬಂದ ಹುಡುಗಿ ತಮ್ಮ ಗೋಡೆಯ ಆಚೆ ಬಟ್ಟೆ ಅಂಗಡಿಯ ಮಾತು ಕಲಿಯುತ್ತಿರುವುದು ಅವರಿಗೆ ಸಂಕಟ. ತಮ್ಮ ತಾರಸಿಯಲ್ಲಿ ವಾಕ್ ಮಾಡುವಾಗ ಅವರಿಗೆ ದಿನವೂ ಪಕ್ಕದ ತಾರಸಿಯ ಉರ್ದು ಕೇಳುತ್ತಿತ್ತು. ತಡೆಯಲಾರದೆ ರಂಜನಿಯವರಿಗೆ ಫೋನ್ ಮಾಡಿ, ಹುಡುಗಿ ತಮ್ಮ ಮನೆಯಲ್ಲೇ ಇರಲಿ ಎಂದರು.

ಪರೀಕ್ಷೆಯ ದಿನ ರಂಜನಿ ಬಂದಾಗ ಅವರ ಹಿಂದೆಯೇ ಮೇಷ್ಟ್ರೂ ಬಂದರು. ಎಲ್ಲರೂ ವರಾಂಡದಲ್ಲಿ ಕೂತರು. ಬಿಸ್ಮಿಲ್ಲಾ ಬೀ ಬಾಗಿಲಿಗೆ ಒರಗಿ ನಿಂತರು. ಕೈಯಲ್ಲಿ ಟೀ ತಟ್ಟೆ ಇತ್ತು, ಯಾರಿಗೂ ಕೊಡಲಿಲ್ಲ.

"ನಿಮ್ಮ ಕುಟುಂಬದ ಬಗ್ಗೆ ಹೇಳಿ," ಎಂದರು ರಂಜನಿ.

"ಅಪ್ಪ, ಅಮ್ಮ, ಒಬ್ಬ ಅಣ್ಣ," ಎಂದಳು ಮಾರ್ತಾ. ಸ್ವಲ್ಪ ಯೋಚಿಸಿದಳು. "ಅಣ್ಣ ಹಳೇ ಸ್ಟಾಕು. ಇನ್ನೂ ಹೋಗಿಲ್ಲ."

"ಅಂದ್ರೆ?"

"ಮದುವೆ ಆಗಿಲ್ಲ ಮೇಡಂ."

ಮೇಷ್ಟ್ರು ಕೆಮ್ಮಿದರು.

"ಚಿಂತಾಮಣಿ ಬಗ್ಗೆ ನಿಮ್ಮ ಅಭಿಪ್ರಾಯ?"

"ಒಂದನೇ ಕ್ವಾಲಿಟಿ. ಎಷ್ಟು ಒಗೆದ್ರೂ ಬಣ್ಣ ಬಿಡಲ್ಲ."

ಉಸ್ಮಾನ್ ಸಾಬ್ ಹೆಮ್ಮೆಯಿಂದ ತಲೆಯಾಡಿಸಿದರು. ಹೆಂಡತಿಯ ಮುಖ ನೋಡಿ ನಿಲ್ಲಿಸಿದರು.

ರಂಜನಿ ಪೆನ್ನು ಮುಚ್ಚಿದರು. "ಕ್ಷಮಿಸಿ ಉಸ್ಮಾನ್ ಸಾಬ್. ನಿಮ್ಮ ಪ್ರೀತಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಇದು ಭಾಷೆ ಕಲಿಯೋ ಕೋರ್ಸು. ನಾಳೆಯಿಂದ ಈ ಹುಡುಗಿ ಮೇಷ್ಟ್ರ ಮನೇಲಿ ಇರಲಿ."

ಬಿಸ್ಮಿಲ್ಲಾ ಬೀ ತಟ್ಟೆಯನ್ನು ಕೆಳಗಿಟ್ಟರು. ಏನಾದರೂ ಹೇಳಬೇಕಾಗಿತ್ತು. ಬಂದದ್ದೆಲ್ಲ ಉರ್ದು.

"ಮೇಡಂ," ಎಂದಳು ಮಾರ್ತಾ, "ಇದು ನಿಮ್ಮ ಕೊನೇ ಮಾತಾ?"

"ಹೌದಮ್ಮಾ."

"ಮೊದ್ಲು ಎಲ್ರೂ ಹಂಗೇ ಹೇಳ್ತಾರೆ. ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ನ್ಯಾಯವಾಗಿ ಹೇಳಿ."

ರಂಜನಿಗೆ ನಗು ಬಂತು. ಅವರೂ ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹೂಕೋಸು ಕೊಂಡವರು. ನಾಲಿಗೆ ತನ್ನಷ್ಟಕ್ಕೆ ಹೊರಳಿತು. "ಸರಿ. ಒಂದು ತಿಂಗಳು ಇಲ್ಲಿ, ಎರಡು ತಿಂಗಳು ಅಲ್ಲಿ."

"ಅಯ್ಯೋ, ಅಸಲೇ ಗಿಟ್ಟಲ್ಲ ಮೇಡಂ! ಮೂರು ತಿಂಗಳೂ ಇಲ್ಲೇ."

"ಒಂದೂವರೆ."

"ಊಟ ಇಲ್ಲೇ ಮಾಡ್ಲಿ," ಎಂದು ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಓದು, ಮಲಗೋದು ನಮ್ಮನೇಲಿ."

"ಬಿಡಿಬಿಡಿಯಾಗಿ ಕೊಡಲ್ಲ ಮೇಷ್ಟ್ರೇ. ಫುಲ್ ಸೆಟ್ಟು," ಎಂದಳು ಮಾರ್ತಾ. "ನೀವು ದೊಡ್ಡೋರು, ಮೊದಲ್ನೇ ಸಲ ಬಂದಿದ್ದೀರಿ ಅಂತ ಇಷ್ಟೊತ್ತು ಮಾತಾಡ್ತಿದ್ದೀನಿ. ಬೇರೆ ಯಾರಾದ್ರೂ ಆಗಿದ್ರೆ ಬಟ್ಟೆ ಮಡಚಿಡ್ತಿದ್ದೆ."

"ಆಯ್ತು, ಎರಡು ತಿಂಗಳು," ಎಂದರು ರಂಜನಿ. "ಇದಕ್ಕಿಂತ ಆಗಲ್ಲ."

ಮಾರ್ತಾ ಎದ್ದಳು. ನಮಸ್ಕಾರ ಮಾಡಿದಳು, ಮೆಟ್ಟಿಲಿಳಿದಳು, ಚಪ್ಪಲಿ ಮೆಟ್ಟಿದಳು, ಗೇಟಿನವರೆಗೆ ಹೋದಳು. ತಿರುಗಿ ನೋಡಲಿಲ್ಲ. ಬಿಸ್ಮಿಲ್ಲಾ ಬೀ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಈ ಆಟದಲ್ಲಿ ಕೂಗಿ ಕರೆಯದಿದ್ದರೆ ನಿಜವಾಗಿಯೂ ಹೋಗಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

"ಏ, ಬಾಮ್ಮಾ ಇಲ್ಲಿ!" ಎಂದು ರಂಜನಿ ಕೂಗಿದರು. ಕೂಗಿದ ಮೇಲೆ ತಾವೇ ಬೆಚ್ಚಿದರು. ಗಡಿಯಾರ ನೋಡಿದರು. ಹುಡುಗಿ ಹತ್ತು ನಿಮಿಷ ಒಂದು ಇಂಗ್ಲಿಷ್ ವಾಕ್ಯವಿಲ್ಲದೆ ವಾದ ಮಾಡಿದ್ದಳು, ಗೆಲ್ಲುತ್ತಲೂ ಇದ್ದಳು. "ಇಲ್ಲೇ ಇರು. ಆದ್ರೆ ಕೊನೆಗೆ ನೀನು ಒಂದು ಪ್ರಬಂಧ ಬರೀಬೇಕು. ಚೌಕಾಸಿ ಬರೆದ್ರೆ ನನ್ನ ಕೆಲಸ ಹೋಗುತ್ತೆ. ದಿನಾ ಸಂಜೆ ಮೇಷ್ಟ್ರ ಹತ್ರ ಒಂದು ಗಂಟೆ ಪಾಠ."

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರ ಮುಖ ಸಪ್ಪಗಾಗಿತ್ತು. ಮನೆಯ ಮುಂದಿನ ಕೋಣೆಗೆ ಸುಣ್ಣ ಹೊಡೆಸಿಯಾಗಿತ್ತು, ಹೆಂಡತಿ ವೆಂಕಟಲಕ್ಷ್ಮಮ್ಮನಿಗೆ ಹೇಳಿ ಹೊಸ ಬೆಂಚನ್ನೂ ಹಾಕಿಸಿಯಾಗಿತ್ತು.

"ಒಬ್ಬಳೇ ಹುಡುಗಿ, ಒಂದು ಗಂಟೆ," ಎಂದರು. "ಇದಕ್ಕೆ ಕ್ಲಾಸು ಅಂತಾರೇನಮ್ಮಾ? ನನಗೆ ಸಿಕ್ಕಿದ್ದೇನು?"

ಮಾರ್ತಾ ತಡಮಾಡಲಿಲ್ಲ. "ಕೊಸರು ಕೊಡ್ತೀವಿ ಮೇಷ್ಟ್ರೇ," ಎಂದಳು. ಗಂಗುಲಮ್ಮ ಎರಡು ಕಟ್ಟಿನ ಮೇಲೆ ಪುಕ್ಕಟೆ ಎಸೆಯುವ ಹಿಡಿ ಕೊತ್ತಂಬರಿಯೇನೋ ಎಂಬಂತೆ ಬಿಸ್ಮಿಲ್ಲಾ ಬೀ ಕಡೆ ಕೈ ತೋರಿಸಿದಳು. "ಅಮ್ಮಿನೂ ಬರ್ತಾರೆ."

ಬಿಸ್ಮಿಲ್ಲಾ ಬೀ ಶಾಲೆ ಬಿಟ್ಟದ್ದು ಐದನೇ ಕ್ಲಾಸಿಗೆ. ಐವತ್ತಾರು ವರ್ಷ ವಯಸ್ಸು, ಮಂಡಿನೋವು, ಸಂಜೆಯ ಅಡುಗೆ, ನೆರೆಹೊರೆಯವರ ನಗು, ಹೇಳಲು ಬೇಕಾದಷ್ಟಿತ್ತು. ಉಸ್ಮಾನ್ ಸಾಬ್ ಕಾದರು. ಅವರ ಹೆಂಡತಿ ಮೊದಲ ಬೆಲೆಗೆ ಒಪ್ಪಿದ್ದನ್ನು ಅವರು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಆಯ್ತು," ಎಂದರು ಬಿಸ್ಮಿಲ್ಲಾ ಬೀ.

"ದಿನಾ," ಎಂದರು ಮೇಷ್ಟ್ರು, ಆಸೆ ಹೆಚ್ಚಾಗಿ. "ಒಂದೂವರೆ ಗಂಟೆ."

"ಆಯ್ತು."

"ಅರೇ, ಸ್ವಲ್ಪ ಕಡಿಮೆ ಕೇಳಮ್ಮಾ!" ಎಂದು ಉಸ್ಮಾನ್ ಸಾಬ್ ಕನ್ನಡದಲ್ಲೇ ಕೂಗಿದರು.

ಯಾರೂ ಅವರ ಮಾತನ್ನು ಕೇಳಿಸಿಕೊಳ್ಳಲಿಲ್ಲ. ರಂಜನಿ ಫಾರಂ ಮುಂದೆ ಸರಿಸಿ, ಮನೆಯೊಡತಿಯ ಸಹಿ ಬೇಕೆಂದರು. ಬಿಸ್ಮಿಲ್ಲಾ ಬೀ ಪೆನ್ನು ತೆಗೆದುಕೊಂಡು, ತಮ್ಮ ಹೆಸರಿನ ಮೊದಲ ಕನ್ನಡ ಅಕ್ಷರಕ್ಕೆ ಬಗ್ಗಿದರು. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಅಷ್ಟು ಗಟ್ಟಿಯಾಗಿ ಹಿಡೀಬಾರ್ದಮ್ಮಾ. ಓಡಿಹೋಗಲ್ಲ ಅದು."

"ಕ್ಲಾಸು ನಾಳೆಯಿಂದ ಮೇಷ್ಟ್ರೇ," ಎಂದರು ಬಿಸ್ಮಿಲ್ಲಾ ಬೀ, ತಲೆಯೆತ್ತದೆ. "ಇವತ್ತು ಇದು ನಮ್ಮನೆ. ಕೂತ್ಕೊಳ್ಳಿ, ಟೀ ಕುಡೀರಿ."

ಪೆನ್ನನ್ನು ಮೊದಲಿನಷ್ಟೇ ಗಟ್ಟಿಯಾಗಿ ಹಿಡಿದು, ಹೆಸರನ್ನು ಕೊನೆಯವರೆಗೆ ಬರೆದರು.